ಮೊದಲು ನಾವೇ ಒಂದು ಜಮಖಾನದ ಮೇಲೆ ಕೂರೋಣ: ಮೂರು ಜಿಲ್ಲೆಗಳ ಕ್ರೈಸ್ತ ಗುರುಗಳಿಗೆ ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಸೇವೆಯಲ್ಲಿರುವ ಕ್ಯಾಥೊಲಿಕ್ ಗುರುಗಳಿಗೆ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತು ಮೆಥಡಿಸ್ಟ್ ಸಭಾಪಾಲಕರಿಗೆ, ಸ್ವತಂತ್ರ ಸಭೆಗಳ ಪಾಸ್ಟರ್‌ಗಳಿಗೆ ಹಾಗೂ ಎಲ್ಲ ಸಭೆಗಳ ಹಿರಿಯರಿಗೆ,

ವಂದನೆಗಳು.

ಗಣೇಶ ಚತುರ್ಥಿಗೆ ವಾರವಿರುವಾಗ ನಮ್ಮ ತಾಲ್ಲೂಕುಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಮಠದ ಸ್ವಾಮಿಗಳು ಬರುತ್ತಾರೆ, ಮಸೀದಿಯ ಮುತವಲ್ಲಿಗಳು ಬರುತ್ತಾರೆ, ಗಣೇಶ ಮಂಡಳಿಯ ಹುಡುಗರು ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಕ್ರೈಸ್ತರ ಕಡೆಯಿಂದಲೂ ಯಾರಾದರೂ ಒಬ್ಬರು ಬಂದಿರುತ್ತಾರೆ. ಅವರು ಯಾರ ಪರವಾಗಿ ಬಂದಿದ್ದಾರೆ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ. ಕ್ಯಾಥೊಲಿಕ್ ಗುರುಗಳು ಬಂದಿದ್ದರೆ ಮೆಥಡಿಸ್ಟರಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಸಿಎಸ್‌ಐ ಅಯ್ಯನವರು ಮಾತನಾಡಿದರೆ ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ನಡೆಸುವ ಪಾಸ್ಟರ್ ಅದನ್ನು ತನ್ನ ಮಾತೆಂದು ಒಪ್ಪುವುದಿಲ್ಲ. ಸಭೆ ಮುಗಿಯುತ್ತದೆ, ಫೋಟೊ ಆಗುತ್ತದೆ, ಮುಂದಿನ ವರ್ಷದ ಹಬ್ಬದವರೆಗೆ ಯಾರೂ ಯಾರ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ.

ನಾನು ಹೇಳಬೇಕಾದದ್ದು ಒಂದೇ ಮಾತು. ನಮ್ಮ ನಮ್ಮಲ್ಲೇ ಹೋಗಿ ಬರುವುದು ಇಲ್ಲದಿರುವಾಗ, ಊರಿನ ಎರಡು ಸಮುದಾಯಗಳ ನಡುವೆ ಸೌಹಾರ್ದ ಬೆಳೆಸುತ್ತೇವೆ ಎಂದು ಹೊರಟರೆ ಯಾರೂ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಮೊದಲು ನಮ್ಮ ಸಭೆಗಳು ತಾಲ್ಲೂಕು ಮಟ್ಟದಲ್ಲಿ ಒಟ್ಟಿಗೆ ಕೂರಬೇಕು. ಹಾಗೆ ಕೂತು, ನೆಮ್ಮದಿಯ ದಿನಗಳಲ್ಲೇ, ನೆರೆಯ ಹಿಂದೂ ಮುಸ್ಲಿಂ ಮನೆಗಳಿಗೆ ಜೋಡಿಯಾಗಿ ಹೋಗುವುದನ್ನು ರೂಢಿ ಮಾಡಿಕೊಳ್ಳಬೇಕು.

ಇದನ್ನು ಹೇಳಲು ನೀವು ಯಾರು ಎಂದು ಕೇಳುವವರಿಗೆ: ನಾನು ರಾಯಚೂರು ಜಿಲ್ಲೆಯ ಮೆಥಡಿಸ್ಟ್ ಮನೆಯ ಮಗಳು, ಬಳ್ಳಾರಿಯ ಸಿಎಸ್‌ಐ ಮನೆಯ ಸೊಸೆ. ನಮ್ಮ ಅತ್ತೆಯವರು ಕ್ಯಾಥೊಲಿಕರಾಗಿದ್ದರು. ಕೊನೆಯ ಉಸಿರಿನವರೆಗೂ ಜಪಸರವನ್ನು ಬಿಟ್ಟವರಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದೇನೆ. ರಾತ್ರಿ ಪಾಳಿಯಲ್ಲಿ ರೋಗಿ ಕೈಬಿಟ್ಟುಹೋಗುತ್ತಿರುವಾಗ ಮನೆಯವರು ಪ್ರಾರ್ಥನೆ ಮಾಡುವವರನ್ನು ಕರೆಯಿರಿ ಎನ್ನುತ್ತಾರೆಯೇ ಹೊರತು ಯಾವ ಸಭೆಯವರು ಎಂದು ವಿಚಾರಿಸುವುದಿಲ್ಲ. ವಾರ್ಡಿನಲ್ಲಿ ಇಲ್ಲದ ಗೋಡೆ ನಮ್ಮ ಚರ್ಚ್ ಕಾಂಪೌಂಡುಗಳ ನಡುವೆ ಏಕಿದೆ ಎಂಬ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಅಲ್ಲಿಯೇ.

ಒಂದಿಷ್ಟು ಹಿಂದಿನದನ್ನು ನೆನಪಿಸುತ್ತೇನೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಆ ಸೊಸೈಟಿ ಹುಟ್ಟಿದ್ದು 1795ರಲ್ಲಿ. ಆರಂಭದಲ್ಲೇ ಅದು ಒಂದು ಮೂಲ ನಿಯಮ ಮಾಡಿಕೊಂಡಿತ್ತು: ಇಂಗ್ಲೆಂಡಿನ ಯಾವ ಒಂದು ಸಭೆಯ ಪದ್ಧತಿಯನ್ನೂ ಹೊರನಾಡಿಗೆ ಹೊತ್ತೊಯ್ಯಬಾರದು, ಸುವಾರ್ತೆಯನ್ನಷ್ಟೇ ಒಯ್ಯಬೇಕು, ಎಂಥ ಸಭೆ ಕಟ್ಟಿಕೊಳ್ಳಬೇಕು ಎಂಬುದನ್ನು ಅಲ್ಲಿನ ವಿಶ್ವಾಸಿಗಳೇ ತೀರ್ಮಾನಿಸಬೇಕು. ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತರಲು ಕುಳಿತದ್ದು ಇದೇ ಬಳ್ಳಾರಿಯಲ್ಲಿ. ಅವರ ಸಂಗಡಿಗ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಅಂದರೆ ಈ ಭಾಗದ ಪ್ರಾಟೆಸ್ಟೆಂಟ್ ಸಭೆಯ ಬೇರಿನಲ್ಲೇ ಪಂಗಡ ಬೇಡ ಎಂಬ ನಿರ್ಧಾರವಿತ್ತು. 1908ರಲ್ಲಿ ಆ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಐಕ್ಯ ಸಭೆಯೊಳಗೆ ಬಂದವು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರವಾಗಿದ್ದಾಗ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಕೂಡಿ ದಕ್ಷಿಣ ಭಾರತ ಸಭೆಯಾದರು. ದೇಶ ಎರಡು ಹೋಳಾಗಿ ರಕ್ತ ಹರಿಯುತ್ತಿದ್ದ ತಿಂಗಳಲ್ಲಿ ಒಂದಷ್ಟು ಜನ ಕೂಡಿಕೊಳ್ಳುವ ಕೆಲಸ ಮಾಡಿದರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ನಿಜಾಮರ ಸೀಮೆಯಾಗಿದ್ದ ರಾಯಚೂರಿನ ಕಡೆ ಕೆಲಸ ಮಾಡಿದ ಮೆಥಡಿಸ್ಟರು ಅಮೆರಿಕದ ಮೂಲದವರು. ಅವರು ಆ ಐಕ್ಯಕ್ಕೆ ಸೇರಲಿಲ್ಲ. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆಯೆಂದು ಸ್ವಾಯತ್ತರಾದರು. ಕ್ಯಾಥೊಲಿಕರ ಬಳ್ಳಾರಿ ಧರ್ಮಕ್ಷೇತ್ರ 1949ರಲ್ಲಿ ಸ್ಥಾಪನೆಯಾಯಿತು. ಈ ಮೂರೂ ಜಿಲ್ಲೆಗಳು ಅದರ ವ್ಯಾಪ್ತಿಯಲ್ಲಿವೆ. ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇತರ ಕ್ರೈಸ್ತ ಸಭೆಗಳ ಕಡೆಗೂ 1965ರಲ್ಲಿ ಇತರ ಧರ್ಮಗಳ ಕಡೆಗೂ ಬಾಗಿಲು ತೆರೆದು ಆರು ದಶಕಗಳಾದವು. ಅದಾದ ಕೆಲವೇ ವರ್ಷಗಳಿಗೆ, 1971ರಲ್ಲಿ, ಜಿನೀವಾದಲ್ಲಿರುವ ಸಭೆಗಳ ಜಾಗತಿಕ ಪರಿಷತ್ತು ಇತರ ಧರ್ಮಗಳೊಂದಿಗೆ ಸಂವಾದ ನಡೆಸಲು ಒಂದು ವಿಭಾಗ ತೆರೆದಾಗ ಅದರ ಮೊದಲ ನಿರ್ದೇಶಕರಾದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ನೆರೆಯವನನ್ನು ಮತಕ್ಕೆ ಸೆಳೆಯುವ ಉಪಾಯವಾಗಿ ಸಂವಾದವನ್ನು ಬಳಸಬಾರದು, ಅದು ನೆರೆಯವನೊಂದಿಗೆ ಬದುಕುವ ರೀತಿ ಎಂದು ಜಗತ್ತಿನ ಸಭೆಗಳಿಗೆ ತಿಳಿಹೇಳಿದವರು ಅವರು. ಒಬ್ಬ ಕನ್ನಡಿಗ ಮಾಡಿದ ಈ ಕೆಲಸದ ಹೆಸರನ್ನೂ ನಮ್ಮ ಚರ್ಚ್‌ಗಳ ಭಾನುವಾರದ ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಈಗ ಮುದಗಲ್ಲಿಗೆ ಬನ್ನಿ. ಲಿಂಗಸೂಗೂರು ತಾಲ್ಲೂಕಿನ ಈ ಕೋಟೆಯೂರಿಗಾಗಿ ವಿಜಯನಗರದವರೂ ಬಹಮನಿ ಸುಲ್ತಾನರೂ ಅವರ ನಂತರ ಬಂದ ಆದಿಲ್‌ಶಾಹಿಗಳೂ ತಲೆಮಾರುಗಳ ಕಾಲ ಕಾದಾಡಿದರು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ದೋಆಬ್ ನೆಲ ಕಂಡಷ್ಟು ಯುದ್ಧವನ್ನು ಕರ್ನಾಟಕದ ಬೇರೆ ನೆಲ ಕಂಡಿರಲಿಕ್ಕಿಲ್ಲ. ಆದರೆ ಯುದ್ಧ ಹೂಡಿದವರ ಪಾಳೆಯಗಳು ಕೂಡ ಇಂದು ನಮಗೆ ಹೇಳಿಕೊಡುವಷ್ಟು ಸರಳವಾಗಿ ಎರಡು ಧರ್ಮಗಳಾಗಿ ಒಡೆದಿರಲಿಲ್ಲ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಯೋಧರಿದ್ದರು. ಎರಡನೆಯ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹಮದ್ ಖಾನ್ ಎಂಬ ಅಧಿಕಾರಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಈಗಲೂ ನಿಂತಿದೆ. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ಕಾದಿದರು.

ಅದೇ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕ್ಯಾಥೊಲಿಕ್ ಕುಟುಂಬಗಳಿವೆ. ಇಂಗ್ಲಿಷರು ಈ ಕಡೆ ತಲೆ ಹಾಕುವುದಕ್ಕಿಂತ ಬಹಳ ಮೊದಲೇ ಮುಸ್ಲಿಂ ಅರಸರ ಆಳ್ವಿಕೆಯಲ್ಲಿ ಕ್ರೈಸ್ತರು ಇಲ್ಲಿ ಬದುಕಿದ್ದರು. ಕ್ರೈಸ್ತ ಧರ್ಮ ಬ್ರಿಟಿಷರ ಬೆನ್ನಿಗೆ ಬಂದದ್ದು ಎಂದು ಹೇಳುವವರನ್ನು ನಾನು ಮುದಗಲ್ಲಿಗೆ ಕರೆದೊಯ್ಯಲು ಸಿದ್ಧಳಿದ್ದೇನೆ. ಅದೇ ಊರಿನಲ್ಲಿ ಮೊಹರಂ ಬಂದರೆ ಹುಸೇನಿ ಆಲಂ ಎಂಬ ಪವಿತ್ರ ಲಾಂಛನದ ದರ್ಶನಕ್ಕೆ ಸುತ್ತಲಿನ ಹಳ್ಳಿಗಳಷ್ಟೇ ಅಲ್ಲ, ಆಂಧ್ರ ತೆಲಂಗಾಣಗಳಿಂದಲೂ ಜನ ಬಂದಿಳಿಯುತ್ತಾರೆ. ಬರುವವರಲ್ಲಿ ಹೆಚ್ಚಿನವರು ಹಿಂದೂಗಳೇ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಮೊಹರಂಗೆ ತೋಡಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಕರ್ಬಲಾದ ಕಥೆಯ ರಿವಾಯತ್ ಪದ ಹೇಳುತ್ತಾರೆ. ರಾಯಚೂರು ಕೊಪ್ಪಳದ ಕಡೆ ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಮೊಹರಂನ ಪೀರಲ ದೇವರು ಕೂರುತ್ತವೆ. ಇತ್ತೀಚೆಗೆ ಇದರ ಮೇಲೂ ಕಣ್ಣು ಬಿದ್ದಿದೆ. ಹಿಂದೂಗಳು ಅಲಾಯಿ ಕುಣಿಗೆ ಹೋಗಬಾರದು ಎಂದು ಒಂದು ಕಡೆಯವರು, ಇಂಥ ಕುಣಿತ ಧರ್ಮಕ್ಕೆ ಒಗ್ಗದು ಎಂದು ಇನ್ನೊಂದು ಕಡೆಯವರು ಹೇಳತೊಡಗಿದ್ದಾರೆ. ಊರಿನ ಹಿರಿಯರು ಇಬ್ಬರ ಮಾತನ್ನೂ ಕೇಳಿಸಿಕೊಂಡು ತಮ್ಮ ಪಾಡಿಗೆ ತಾವು ಕುಣಿ ತೋಡಲು ಗುದ್ದಲಿ ಹಾಕುತ್ತಾರೆ. ಹುಡುಗರ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಅವರ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ಹಗಲಿರುಳು ದ್ವೇಷದ ಮಾತು ಹರಿಯುತ್ತಿದೆ.

ಗುರುಗಳೇ, ಅಯ್ಯನವರೇ, ಈ ಬಾಳ್ವೆಯಲ್ಲಿ ನಾವು ಎಲ್ಲಿದ್ದೇವೆ? 2011ರ ಜನಗಣತಿಯಂತೆ ಇಡೀ ರಾಜ್ಯದಲ್ಲೇ ನಾವು ನೂರಕ್ಕೆ ಇಬ್ಬರಿಲ್ಲ. ಇಷ್ಟು ಸಣ್ಣವರಾಗಿರುವುದರಿಂದ ಯಾರಿಗೂ ನಾವು ಎದುರಾಳಿಗಳಲ್ಲ. ಎರಡು ದೊಡ್ಡ ಸಮುದಾಯಗಳು ಮುಖ ತಿರುಗಿಸಿಕೊಂಡಾಗ ಎರಡೂ ಮನೆಗೆ ಹೋಗಬಹುದಾದವರು ನಾವು. ಆ ಜಾಗ ಖಾಲಿ ಬಿದ್ದಿದೆ.

ಅದು ಎಷ್ಟು ಖಾಲಿ ಎಂಬುದನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೇನೆ. ಒಮ್ಮೆ ಮೆರವಣಿಗೆಯಲ್ಲಿ ಕಲ್ಲು ತೂರಾಟವಾಗಿ ಎರಡೂ ಕಡೆಯ ಹುಡುಗರನ್ನು ತಂದು ಮಲಗಿಸಿದ್ದರು. ಹಾಸಿಗೆ ಸಾಲದೆ ಇಬ್ಬರನ್ನು ಅಕ್ಕಪಕ್ಕದಲ್ಲೇ ಹಾಕಬೇಕಾಯಿತು. ಒಬ್ಬನಿಗೆ ಹುಬ್ಬಿನ ಮೇಲೆ ಹೊಲಿಗೆ, ಇನ್ನೊಬ್ಬನಿಗೆ ಮುಂಗೈ ಮುರಿದಿತ್ತು. ಹೊರಗೆ ವರಾಂಡದಲ್ಲಿ ಇಬ್ಬರ ತಾಯಂದಿರೂ ಕೂತಿದ್ದರು. ಒಬ್ಬರಾದ ಮೇಲೆ ಒಬ್ಬರು ಬಂದು ನನ್ನನ್ನು ಕೇಳಿದ್ದು ಒಂದೇ ಮಾತು: “ಸಿಸ್ಟರ್, ಪೊಲೀಸರು ಇವನನ್ನು ಕರೆದುಕೊಂಡು ಹೋಗುತ್ತಾರೆಯೇ?” ರಾತ್ರಿ ಹತ್ತಾಗುವುದರೊಳಗೆ ಆ ಕಡೆಯ ಮುಖಂಡರೂ ಈ ಕಡೆಯ ಮುಖಂಡರೂ ಬಂದರು, ತಮ್ಮವನ ಬ್ಯಾಂಡೇಜಿನ ಫೋಟೊ ತೆಗೆದುಕೊಂಡರು, ಹೊರಟರು. ಇಬ್ಬರ ತಾಯಂದಿರ ಪಕ್ಕದಲ್ಲೂ ಕೂರಬಲ್ಲ ಒಬ್ಬರೇ ಒಬ್ಬರು ಬರಲಿಲ್ಲ. ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಚರ್ಚ್‌ಗಳಿದ್ದವು.

ಉತ್ತರ ಐರ್ಲೆಂಡಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಹೊಡೆದಾಡಿಕೊಂಡವರು ಕ್ರೈಸ್ತರೇ. ಬ್ರಿಟನ್ನಿನೊಂದಿಗೇ ಇರಬೇಕೆಂಬ ಪ್ರಾಟೆಸ್ಟೆಂಟರು, ಐರ್ಲೆಂಡಿಗೆ ಸೇರಬೇಕೆಂಬ ಕ್ಯಾಥೊಲಿಕರು. 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ನಡೆದ ಆ ಕಲಹದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಗಿದ್ದು ಡ್ರೆಸ್ಡೆನ್ ನಗರದ ಮೇಲೆ ಬಾಂಬು ಸುರಿದದ್ದನ್ನು ಕಂಡು ಬಂದ ರೇ ಡೇವಿ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ, ಎರಡೂ ಕಡೆಯವರು ಬಂದು ಉಳಿದು ಮಾತನಾಡಲು ಕಾರಿಮೀಲಾ ಎಂಬ ಸಮುದಾಯವನ್ನು ಕಟ್ಟಿದರು. ಯಾವಾಗ? 1965ರಲ್ಲಿ. ಕಲಹ ಇನ್ನೂ ಹೊತ್ತಿಕೊಂಡಿರಲಿಲ್ಲ. ನೆಮ್ಮದಿಯಿದ್ದಾಗಲೇ ಕಟ್ಟಿದ್ದರಿಂದ ಬೀದಿಗಳಲ್ಲಿ ಬೆಂಕಿ ಬಿದ್ದಾಗ ಓಡಿ ಬಂದು ಸೇರಲು ಒಂದು ಮನೆ ಇತ್ತು.

1981ರಲ್ಲಿ ಬೆಲ್‌ಫಾಸ್ಟಿನ ಕ್ಲೊನಾರ್ಡ್ ಎಂಬ ಕ್ಯಾಥೊಲಿಕ್ ಮಠದವರೂ ಫಿಟ್ಜ್‌ರಾಯ್ ಎಂಬ ಪ್ರೆಸ್ಬಿಟೇರಿಯನ್ ಸಭೆಯವರೂ ಸೇರಿ ಬೈಬಲ್ ಓದಲು ಆರಂಭಿಸಿದರು. ಅಷ್ಟೇ. ಕೂತು ಓದುವುದು. ಅಂಥ ಒಡನಾಟದಲ್ಲಿ ಪಳಗಿದವರು ಮುಂದೆ ಎರಡೂ ಕಡೆಯ ಸಾವಿನ ಮನೆಗಳಿಗೆ ಹೋಗಿ ಕೂರುವ ಧೈರ್ಯ ಮಾಡಿದರು. ಅದೇ ಕ್ಲೊನಾರ್ಡ್ ಮಠದ ಫಾದರ್ ಅಲೆಕ್ ರೀಡ್, 1988ರ ಮಾರ್ಚ್‌ನಲ್ಲಿ ಶವಯಾತ್ರೆಯೊಂದರ ನಡುವೆ ಸಿಕ್ಕಿಕೊಂಡ ಇಬ್ಬರು ಬ್ರಿಟಿಷ್ ಸೈನಿಕರನ್ನು ಐರ್ಲೆಂಡಿನ ಐಕ್ಯಕ್ಕಾಗಿ ಶಸ್ತ್ರ ಹಿಡಿದಿದ್ದ ಗುಂಪಾದ ಐಆರ್‌ಎಯವರು ಕೊಂದಾಗ, ಅವರ ಪಕ್ಕದಲ್ಲಿ ಮಂಡಿಯೂರಿ ಉಸಿರು ಕೊಡಲು ಯತ್ನಿಸಿದರು, ಪ್ರಾರ್ಥಿಸಿದರು. ಆ ಹೊತ್ತಿನಲ್ಲಿ ಅವರ ಬಳಿ ಸಂಧಾನಕ್ಕೆ ಸಂಬಂಧಿಸಿದ ಪತ್ರವೊಂದಿತ್ತು. ಲಕೋಟೆಗೆ ರಕ್ತ ತಾಗಿತ್ತು. ಅವರು ಅದನ್ನು ತಲುಪಿಸಿದರು. 1998ರ ಏಪ್ರಿಲ್ 10ರಂದು, ಶುಭ ಶುಕ್ರವಾರದ ದಿನ, ಒಪ್ಪಂದವಾಯಿತು. ಐಆರ್‌ಎ ತನ್ನ ಶಸ್ತ್ರಗಳನ್ನು ಇನ್ನಿಲ್ಲವಾಗಿಸಿದ್ದು 2005ರಲ್ಲಿ. ಅದು ನಿಜವಾಗಿ ನಡೆಯಿತು ಎಂದು ಜನ ನಂಬುವುದು ಹೇಗೆ? ಅಧಿಕೃತ ಆಯೋಗದ ಜೊತೆಗೆ ಇಬ್ಬರು ಪಾದ್ರಿಗಳನ್ನು ಸಾಕ್ಷಿಯಾಗಿ ಕರೆದೊಯ್ದರು. ಒಬ್ಬರು ಇದೇ ಅಲೆಕ್ ರೀಡ್. ಇನ್ನೊಬ್ಬರು ಮೆಥಡಿಸ್ಟ್ ಸಭಾಪಾಲಕ ಹೆರಾಲ್ಡ್ ಗುಡ್.

ಒಬ್ಬ ಕ್ಯಾಥೊಲಿಕ್ ಗುರು, ಒಬ್ಬ ಮೆಥಡಿಸ್ಟ್ ಅಯ್ಯನವರು. ಇಬ್ಬರಲ್ಲಿ ಒಬ್ಬರೇ ಹೋಗಿದ್ದರೆ ಅರ್ಧ ಊರು ನಂಬುತ್ತಿರಲಿಲ್ಲ. ಇಬ್ಬರೂ ಹೋದದ್ದರಿಂದ ಅವರ ಮಾತಿಗೆ ತೂಕ ಬಂತು. ನಮ್ಮ ಜಿಲ್ಲೆಗಳು ಬೆಲ್‌ಫಾಸ್ಟ್ ಅಲ್ಲ ಎಂದು ನೀವು ಹೇಳಬಹುದು. ಅಲ್ಲ, ದೇವರ ದಯೆ. ಆದರೆ ಕ್ಯಾಥೊಲಿಕರೂ ಮೆಥಡಿಸ್ಟರೂ ನಮ್ಮಲ್ಲಿಯೂ ಇದ್ದಾರೆ, ಮತ್ತು ಅವರ ನಡುವೆ ಯಾರೂ ಯಾರನ್ನೂ ಕೊಂದಿಲ್ಲ. ಹಾಗಿದ್ದೂ ಜೊತೆಯಾಗಿ ಒಂದು ಮನೆಗೆ ಹೋಗಲು ನಮಗೆ ಏನು ಅಡ್ಡಿ?

ಅಡ್ಡಿ ಏನೆಂದು ಕೇಳಿದೆನಲ್ಲ, ಅದರ ಒಂದು ಮುಖವನ್ನು ಹೇಳಿಬಿಡುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಒಂದು ಹಳ್ಳಿ. ಏಪ್ರಿಲ್ ತಿಂಗಳ ಬಿಸಿಲು. ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುತ್ತಿದ್ದ ಒಬ್ಬರು ತೀರಿಕೊಂಡಿದ್ದರು. ಅವರು ಹೋಗುತ್ತಿದ್ದದ್ದು ಹೊಸದಾಗಿ ಶುರುವಾದ ಒಂದು ಸಣ್ಣ ಪ್ರಾರ್ಥನಾ ಸಭೆಗೆ. ಹತ್ತಿರದಲ್ಲೇ ಹಳೆಯ ಸಭೆಯೊಂದರ ಸಮಾಧಿ ಭೂಮಿ ಇತ್ತು. ರಿಜಿಸ್ಟರಿನಲ್ಲಿ ಹೆಸರಿಲ್ಲ ಎಂದು ಅಲ್ಲಿನ ಹಿರಿಯರು ಗೇಟು ತೆಗೆಯಲಿಲ್ಲ. ಕೇರಿಯ ಸುಡುಗಾಡಿನಲ್ಲಿ ಮಣ್ಣು ಮಾಡೋಣವೆಂದರೆ ಅಲ್ಲಿ, ನೀವು ನಮ್ಮ ದೇವರನ್ನು ಬಿಟ್ಟವರು ಎಂಬ ಮಾತು ಬಂತು. ಹೆಣ ಚಪ್ಪರದ ಕೆಳಗೆ ಮಧ್ಯಾಹ್ನದವರೆಗೂ ಇತ್ತು. ಹೆಂಡತಿ ಅಳುವುದನ್ನೂ ಬಿಟ್ಟು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಕೊನೆಗೆ ಹಾರೆ ಗುದ್ದಲಿ ಹಿಡಿದು ಬಂದವರು ಮುಸ್ಲಿಮರಾದ ಪಿಂಜಾರರ ಓಣಿಯವರು. ಹಳ್ಳದ ದಂಡೆಯ ಸರ್ಕಾರಿ ಜಾಗದಲ್ಲಿ ಗುಂಡಿ ತೋಡಿದರು. ಪಾಸ್ಟರ್ ಪ್ರಾರ್ಥನೆ ಮುಗಿಸಿ ಮಣ್ಣು ಹಾಕಿದ ಮೇಲೆ ಆ ಓಣಿಯ ಹಿರಿಯರೊಬ್ಬರು ತಮ್ಮ ರೂಢಿಯಂತೆ ಮೂರು ಹಿಡಿ ಮಣ್ಣು ಕೊಟ್ಟರು. ಎದುರು ಮನೆಯ ಲಿಂಗಾಯತರ ಅಮ್ಮ ಅಂದು ರಾತ್ರಿ ಆ ಮನೆಗೆ ರೊಟ್ಟಿ ಪಲ್ಯ ಕಳಿಸಿದರು.

ಸೌಹಾರ್ದವನ್ನು ನಾವು ಊರಿಗೆ ಕಲಿಸಬೇಕಾಗಿಲ್ಲ. ಆ ಊರಿನಲ್ಲಿ ಅದು ಇತ್ತು. ಇರದಿದ್ದದ್ದು ನಮ್ಮ ಗೇಟಿನೊಳಗೆ.

ರಿಜಿಸ್ಟರಿನಲ್ಲಿ ಹೆಸರು ಏಕಿರುವುದಿಲ್ಲ ಎಂಬುದು ನಿಮಗೆ ಗೊತ್ತಿಲ್ಲದ ವಿಷಯವಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಿದರು, ನಮ್ಮವರಿಗೆ ಇಲ್ಲ. ಮಗಳ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು ಕೈತಪ್ಪಬಾರದೆಂದು ಕೂಲಿಯ ತಂದೆ ಹೆಸರು ಬರೆಸುವುದಿಲ್ಲ. ಅದರ ಮೇಲೆ 2022ರ ರಾಜ್ಯದ ಮತಾಂತರ ನಿಷೇಧ ಕಾಯ್ದೆಯ ಹೆದರಿಕೆ ಬೇರೆ. ಅದನ್ನು ಹಿಂಪಡೆಯುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು ಎಂದು ಹೇಳಿದರೂ ಹಳ್ಳಿಯ ಮನಸ್ಸಿನಿಂದ ಭಯ ಹೋಗಿಲ್ಲ. ಇಂಥವನು ಸತ್ತಾಗ ಪುಸ್ತಕ ತೆರೆದು ಹೆಸರು ಹುಡುಕುವುದು ಕ್ರೂರತನ. ಎಲ್ಲ ಸಭೆಗಳೂ ಕೂಡಿ ತಾಲ್ಲೂಕಿಗೊಂದು ಮನವಿ ಬರೆಯಿರಿ. ಎಲ್ಲರಿಗೂ ಸೇರಿದ ಸಮಾಧಿ ಭೂಮಿ ಬೇಕೆಂದು ತಹಶೀಲ್ದಾರರಿಗೆ ಒಟ್ಟಿಗೆ ಹೋಗಿ ಕೊಡಿ. ಸಿಗುವವರೆಗೆ ಇರುವ ಗೇಟುಗಳನ್ನು ಎಲ್ಲರಿಗೂ ತೆರೆಯಿರಿ. ನಮ್ಮ ಸೀಮೆಯಲ್ಲಿ ಲಿಂಗಾಯತರೂ ಮುಸ್ಲಿಮರೂ ದಲಿತರೂ ನಾವೂ ಸತ್ತವರನ್ನು ಮಣ್ಣಿಗೇ ಕೊಡುತ್ತೇವೆ. ಸ್ಮಶಾನದ ಜಾಗದ ಕೊರತೆ ಇವರೆಲ್ಲರ ಕೊರತೆ. ಒಟ್ಟಿಗೆ ಕೇಳಲು ಇದಕ್ಕಿಂತ ಬೇರೆ ವಿಷಯ ಹುಡುಕಬೇಕಾಗಿಲ್ಲ.

ಇನ್ನು ನಮ್ಮ ಬಾಯಿಯ ಮಾತು. ಎಲ್ಲರೂ ಹಾ­ಗಿಲ್ಲ, ಆದರೆ ಕೆಲವು ಕೂಟಗಳಲ್ಲಿ ಧ್ವನಿವರ್ಧಕ ಹಚ್ಚಿ ಊರ ದೇವರುಗಳನ್ನು ಹೀಯಾಳಿಸುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ದುರುಗಮ್ಮನ ಗುಡಿಗೆ ಎದುರಾಗಿ ಸ್ಪೀಕರ್ ತಿರುಗಿಸಿ ದೆವ್ವ ಎಂಬ ಮಾತಾಡುವುದು ಸುವಾರ್ತೆಯಲ್ಲ. ಪೌಲನು ಅಥೆನ್ಸಿನಲ್ಲಿ ಅಷ್ಟು ವಿಗ್ರಹಗಳನ್ನು ಕಂಡು ಮನಸ್ಸು ಕುದಿದರೂ ಅಲ್ಲಿನ ಜನರೆದುರು ನಿಂತಾಗ ಅವರ ಭಕ್ತಿಯನ್ನು ಗುರುತಿಸಿ ಮಾತು ಆರಂಭಿಸಿದ. ಹೊರಗಿನವರು ಬಂದು ದೂರು ಕೊಡುವ ಮೊದಲು, ಪೊಲೀಸರು ಬರುವ ಮೊದಲು, ಇಂಥ ಬೋಧಕನನ್ನು ಕರೆದು ಬುದ್ಧಿ ಹೇಳಬೇಕಾದವರು ನಾವು. ಬಿಡಿ ಬಿಡಿಯಾಗಿರುವವರೆಗೆ ಹೇಳಲು ಯಾರಿಗೂ ಅಧಿಕಾರವಿರುವುದಿಲ್ಲ. ಒಟ್ಟಿಗೆ ಕೂತರೆ ಬರುತ್ತದೆ. ಹಾಗೆಯೇ ಒಂದು ಸಭೆಯ ಕುಟುಂಬಗಳನ್ನು ಇನ್ನೊಂದು ಸಭೆಗೆ ಸೆಳೆದುಕೊಳ್ಳುವ ಚಾಳಿಯೂ ನಿಲ್ಲಲಿ. ಒಬ್ಬರ ಮೇಲೊಬ್ಬರಿಗೆ ಇರುವ ಅನುಮಾನದ ಅರ್ಧ ಪಾಲು ಅದರಿಂದಲೇ ಹುಟ್ಟಿದೆ.

ಪ್ರಸಾದದ ವಿಷಯ ಸಣ್ಣದಾಗಿ ಕಂಡರೂ ಹಳ್ಳಿಯಲ್ಲಿ ಅದು ಸಣ್ಣದಲ್ಲ. ಮೊಹರಂ ಸಕ್ಕರೆ ಮುಟ್ಟಬೇಡಿ, ಜಾತ್ರೆಯ ಊಟ ತಿನ್ನಬೇಡಿ ಎಂದು ಕೆಲವರು ಬೋಧಿಸುತ್ತಾರೆ. ಮನಸ್ಸಾಕ್ಷಿ ಒಪ್ಪದವರು ತಿನ್ನುವುದು ಬೇಡ, ನಾನು ಒತ್ತಾಯಿಸುವುದಿಲ್ಲ. ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯವನ್ನು ಪೂರ್ತಿ ಓದಿ. ನಂಬದವರ ಮನೆಗೆ ಊಟಕ್ಕೆ ಹೋದರೆ ಎದುರಿಗಿಟ್ಟದ್ದನ್ನು ವಿಚಾರಣೆ ಮಾಡದೆ ತಿನ್ನಿ ಎಂಬ ಮಾತೂ ಅಲ್ಲಿದೆ. ತಿನ್ನದವರೂ ಎರಡು ಕೈ ಚಾಚಿ ತೆಗೆದುಕೊಳ್ಳಬಹುದು. ಕೊಟ್ಟವಳ ಕಣ್ಣೆದುರು ಚೆಲ್ಲಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ರೊಟ್ಟಿ, ಜೋಳ, ಕಾಳು ಹೊತ್ತು ತರುತ್ತಾರೆ. ಲಕ್ಷಾಂತರ ಜನರ ದಾಸೋಹದಲ್ಲಿ ಯಾರ ಮನೆಯ ರೊಟ್ಟಿ ಯಾರ ತಟ್ಟೆಗೆ ಬಿತ್ತೆಂದು ನೋಡುವವರಿಲ್ಲ. ನಮ್ಮ ಮಹಿಳಾ ಕೂಟಗಳೂ ರೊಟ್ಟಿ ಬಡಿದು ಕಳಿಸಲಿ ಎಂಬುದು ನನ್ನ ಆಸೆ. ಹಸಿದವರಿಗೆ ಕೊಡುವ ಅನ್ನದಲ್ಲಿ ನಮ್ಮ ವಿಶ್ವಾಸಕ್ಕೆ ಧಕ್ಕೆ ತರುವಂಥದ್ದು ಏನೂ ನನಗೆ ಕಾಣುವುದಿಲ್ಲ.

ಜಿಲ್ಲಾಡಳಿತದವರು ಈ ಪತ್ರವನ್ನು ಓದಿದರೆ ಅವರಿಗೂ ಒಂದು ಮಾತು. 2023, 2024, 2025, ಮೂರು ವರ್ಷವೂ ಗಣೇಶ ಚತುರ್ಥಿ ಮತ್ತು ಈದ್ ಮಿಲಾದ್ ಹೆಚ್ಚು ಕಡಿಮೆ ಹತ್ತು ದಿನಗಳ ಅಂತರದಲ್ಲಿ ಬಂದವು. ವಿಸರ್ಜನೆಯ ಮೆರವಣಿಗೆಯೂ ಮಿಲಾದ್ ಮೆರವಣಿಗೆಯೂ ಒಂದೇ ವಾರಕ್ಕೆ ಕೂಡಿದವು. ಪೊಲೀಸರು ಹಗಲಿರುಳು ದುಡಿದರು, ಎಷ್ಟೋ ಊರುಗಳಲ್ಲಿ ಹಿರಿಯರು ಮಾತಾಡಿಕೊಂಡು ದಿನ ಬದಲಿಸಿಕೊಂಡರು. ಅಧಿಕ ಮಾಸ ಬಂದ ಮೇಲೆ ಎರಡು ಹಬ್ಬಗಳೂ ದೂರ ಸರಿಯುತ್ತವೆ. ಆಗ ಶಾಂತಿ ಸಭೆಯ ಕಡತವನ್ನು ಕಟ್ಟಿ ಕಪಾಟಿಗೆ ಹಾಕಬೇಡಿ. ಯಾವ ಹಬ್ಬವೂ ಇಲ್ಲದ ತಿಂಗಳಿನಲ್ಲಿ ಒಮ್ಮೆ ಕರೆಯಿರಿ. ಕರೆಯುವಾಗ ಆಶಾ ಕಾರ್ಯಕರ್ತೆಯರನ್ನು, ಅಂಗನವಾಡಿಯವರನ್ನು, ಆಸ್ಪತ್ರೆಯ ನರ್ಸ್‌ಗಳನ್ನು ಕರೆಯಿರಿ. ಯಾವ ಓಣಿಯಲ್ಲಿ ಮಾತು ಬಿಗಡಾಯಿಸುತ್ತಿದೆ ಎಂಬುದು ಠಾಣೆಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಒಡನಾಟಕ್ಕೆ ಹೊಸ ಹಬ್ಬವೇನೂ ಬೇಕಾಗಿಲ್ಲ. 2025ರಲ್ಲಿ ಫೆಬ್ರವರಿ 26ಕ್ಕೆ ಶಿವರಾತ್ರಿಯ ಉಪವಾಸ, ಮಾರ್ಚ್ 2ಕ್ಕೆ ರಂಜಾನ್ ಆರಂಭ, ಮಾರ್ಚ್ 5ಕ್ಕೆ ನಮ್ಮ ಬೂದಿ ಬುಧವಾರ. ಒಂದೇ ಓಣಿಯ ಮೂರು ಮನೆಯವರು ಎಂಟು ದಿನದೊಳಗೆ ಉಪವಾಸ ಹಿಡಿದರು, ಯಾರಿಗೂ ಇನ್ನೊಬ್ಬರ ಉಪವಾಸದ ಅರ್ಥ ಕೇಳಬೇಕೆನಿಸಲಿಲ್ಲ. ಅದೇ ವರ್ಷ ಕ್ರೈಸ್ತ ಸಭೆಗಳಿಗೆ ಒಂದೇ ವಿಶ್ವಾಸಪ್ರಮಾಣ ಕೊಟ್ಟ ನೈಸಿಯ ಮಹಾಸಭೆಗೆ 1,700 ವರ್ಷ ತುಂಬಿತು. ಪೂರ್ವ ಪಶ್ಚಿಮದ ಸಭೆಗಳೆಲ್ಲ ಏಪ್ರಿಲ್ 20ರ ಒಂದೇ ಭಾನುವಾರ ಈಸ್ಟರ್ ಆಚರಿಸಿದವು. ನಮ್ಮ ತಾಲ್ಲೂಕಿನಲ್ಲಿ ಮಾತ್ರ ನಾಲ್ಕು ಚರ್ಚ್‌ಗಳ ಮುಂಜಾವಿನ ಆರಾಧನೆ ನಾಲ್ಕು ಕಡೆ ನಡೆಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಜಗತ್ತಿನ ಬಹಳಷ್ಟು ಕಡೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ ನಡೆಯುತ್ತದೆ. ಬರುವ ಜನವರಿಯ ಆ ವಾರದಲ್ಲಿ ಪ್ರತಿ ತಾಲ್ಲೂಕಿನ ಎಲ್ಲ ಗುರುಗಳು, ಸಭಾಪಾಲಕರು, ಪಾಸ್ಟರ್‌ಗಳು ಒಂದು ದಿನ ಸೇರಿ. ಯಾರ ಚರ್ಚ್‌ನಲ್ಲಿ ಎಂಬ ಜಗಳ ಬೇಡ. ಶಾಲೆಯ ಕೋಣೆಯಾದರೂ ಆದೀತು. ಕುರ್ಚಿಗಳಲ್ಲಿ ಹೆಚ್ಚು ಕಡಿಮೆ ಹುಟ್ಟುತ್ತದೆ, ಜಮಖಾನ ಹಾಸಿ. ಯಾರು ಸಭೆ ಕರೆಯಬೇಕು ಎಂದರೆ ವಯಸ್ಸಿನಲ್ಲಿ ಹಿರಿಯರಾದವರು ಕರೆಯಲಿ, ಅವರು ತಗಡಿನ ಶೆಡ್ಡಿನ ಪಾಸ್ಟರ್ ಆಗಿದ್ದರೂ ಸರಿ. ಆ ದಿನ ಭಾಷಣ ಬೇಡ, ಹಾರ ಬೇಡ, ಬ್ಯಾನರ್ ಬೇಡ. ತಾಲ್ಲೂಕಿನಲ್ಲಿ ಸಮಾಧಿ ಭೂಮಿ ಎಲ್ಲೆಲ್ಲಿದೆ, ಯಾರಿಗಿಲ್ಲ ಎಂದು ಬರೆದುಕೊಳ್ಳಿ. ಮುಂದೆ ಎಲ್ಲಾದರೂ ಗಲಾಟೆಯಾದರೆ ಆಸ್ಪತ್ರೆಗೂ ಎರಡೂ ಕಡೆಯ ಮನೆಗಳಿಗೂ ಹೋಗಬೇಕಾದ ಇಬ್ಬರ ಹೆಸರನ್ನು, ಬೇರೆ ಬೇರೆ ಸಭೆಯ ಇಬ್ಬರ ಹೆಸರನ್ನು, ಗೊತ್ತು ಮಾಡಿ. ಅವರು ಅಂದಿನಿಂದಲೇ ಮಠಕ್ಕೂ ಮಸೀದಿಗೂ ಹೋಗಿ ಮುಖ ಪರಿಚಯ ಮಾಡಿಕೊಂಡು ಬರಲಿ. ಹೆಂಗಸರನ್ನು ಚಹಾ ಮಾಡಲು ಮಾತ್ರ ಕರೆಯಬೇಡಿ. ನಾವೂ ಕೂರುತ್ತೇವೆ, ನಮಗೂ ಹೇಳುವುದಿದೆ.

ಲಿಂಗಸೂಗೂರು ತಾಲ್ಲೂಕಿನವರು ಮುದಗಲ್ಲಿನಲ್ಲೇ ಸೇರಿದರೆ ಬಹಳ ಒಳ್ಳೆಯದು. ದಿನ, ಜಾಗ ಗೊತ್ತಾದ ಮೇಲೆ ಡಿಸೆಂಬರ್‌ನ ಮೊದಲ ಭಾನುವಾರದ ಆರಾಧನೆಯಲ್ಲೂ ಬಲಿಪೂಜೆಯಲ್ಲೂ ಪ್ರಾರ್ಥನಾ ಕೂಟದಲ್ಲೂ, ಎಲ್ಲ ಕಡೆಯೂ, ಒಂದೇ ಒಕ್ಕಣೆಯಲ್ಲಿ ಓದಿಸಿ.

ಇತಿ ನಿಮ್ಮ ಸಭೆಗಳ ಮಗಳು,
ನಿವೃತ್ತ ನರ್ಸ್, ರಾಯಚೂರು ಜಿಲ್ಲೆ